ಬಿಲ್ಲು ಕಳಿಸಿದಿರಿ, ದುಡ್ಡು ಹಾಕೋಕೆ ದಾರಿ ಎಲ್ಲಿದೆ?

ಶಿವಮೊಗ್ಗದ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ವರ್ಕ್‌ಶಾಪಿನವರು, ಅಡಿಕೆ ಸುಲಿಯುವ ಯಂತ್ರ ಮಾರುವವರು, ಸಾಗರದ ಕಡೆ ಹೋಂಸ್ಟೇ ನಡೆಸುವವರು, ಎಲ್ಲರದ್ದೂ ಒಂದೇ ದೂರು: ಬಿಲ್ ಕೊಟ್ಟು ತಿಂಗಳಾಯ್ತು, ದುಡ್ಡು ಬಂದಿಲ್ಲ. ಕೊಡಬಾರದು ಅಂತಲೇ ಕೂತವರೂ ಇದ್ದಾರೆ, ಅವರ ಮಾತು ಬೇರೆ. ಆದರೆ ಬಾಕಿ ಪಟ್ಟಿ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತಾ ಹೋದರೆ ಜಾಸ್ತಿ ಸಿಗುವುದು, ಕೊಟ್ಟುಬಿಡೋಣ ಅಂತ ಫೋನ್ ತೆಗೆದು, ಎಲ್ಲೋ ತಡವರಿಸಿ, ನಾಳೆ ನೋಡೋಣ ಅಂತ ಪಕ್ಕಕ್ಕಿಟ್ಟವರು.

ಎಲ್ಲಿ ತಡವರಿಸುತ್ತಾರೆ? ನೀವು ಪಿಡಿಎಫ್ ಬಿಲ್ಲನ್ನು ವಾಟ್ಸಾಪಿನಲ್ಲಿ ಕಳಿಸುತ್ತೀರಿ, ಮೂಲೆಯಲ್ಲಿ ಚಂದದ ಕ್ಯೂಆರ್ ಕೋಡ್. ತೀರ್ಥಹಳ್ಳಿ ಕಡೆಯ ಗ್ರಾಹಕರೊಬ್ಬರು ಕೇಳಿದ್ದು ಇಷ್ಟೇ: "ಬಿಲ್ಲು ಬಂದದ್ದೂ ಇದೇ ಫೋನಿಗೆ, ಇನ್ಯಾವುದರಲ್ಲಿ ಸ್ಕ್ಯಾನ್ ಮಾಡ್ಲಿ ಮಾರಾಯ್ರೆ?" ಸ್ಕ್ರೀನ್‌ಶಾಟ್ ತೆಗೆದು ಗ್ಯಾಲರಿಯಿಂದ ಹಾಕಬಹುದು, ನಿಜ. ಅದು ಎಲ್ಲರಿಗೂ ಗೊತ್ತಿರುವುದಿಲ್ಲ, ಗೊತ್ತಿದ್ದರೂ ದೊಡ್ಡ ಮೊತ್ತವನ್ನು ಆ್ಯಪ್ ಎಷ್ಟೋ ಸಲ ಹಾಗೆ ತೆಗೆದುಕೊಳ್ಳುವುದಿಲ್ಲ. ಕ್ಯೂಆರ್ ಅಂಗಡಿ ಕೌಂಟರಿಗೆ ಸರಿ. ಫೋನಿಗೆ ಹೋಗುವ ಬಿಲ್ಲಿನ ಜೊತೆ ಪೇಮೆಂಟ್ ಲಿಂಕ್ ಕೊಡಿ, ಇಲ್ಲವೇ ಯುಪಿಐ ಐಡಿಯನ್ನು ಕಾಪಿ ಮಾಡಲು ಬರುವಂತೆ ಟೈಪ್ ಮಾಡಿ ಕಳಿಸಿ.

ಬ್ಯಾಂಕ್ ವಿವರವೂ ಅಷ್ಟೇ. ಚೆಕ್ ಹಾಳೆಯ ಫೋಟೋ ಕಳಿಸಿ ಸುಮ್ನಾಗುತ್ತಾರೆ. ಬ್ಯಾಂಕ್ ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಕೋಡಿನಲ್ಲಿ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ, ಜನ ಅಲ್ಲಿ ಇಂಗ್ಲಿಷಿನ ಓ ಒತ್ತುತ್ತಾರೆ, ಕೋಡ್ ತಪ್ಪು ಅಂತ ಬರುತ್ತದೆ, ಅಲ್ಲಿಗೆ ಆ ದಿನದ ಉತ್ಸಾಹ ಮುಗಿಯಿತು. ಖಾತೆ ಸಂಖ್ಯೆ ಒಂದು ಮೆಸೇಜಿನಲ್ಲಿ, ಕೋಡ್ ಇನ್ನೊಂದರಲ್ಲಿ ಕಳಿಸಿದರೆ ಒತ್ತಿ ಹಿಡಿದು ಕಾಪಿ ಮಾಡಬಹುದು.

ಇನ್ನು ಹೆಸರು. ಬೋರ್ಡಿನ ಮೇಲೆ ಅಂಗಡಿ ಹೆಸರು, ದುಡ್ಡು ಹಾಕುವಾಗ ಸ್ಕ್ರೀನಿನ ಮೇಲೆ ನಿಮ್ಮ ತಮ್ಮನ ಹೆಸರು. ಸಿಕ್ಕ ಲಿಂಕನ್ನೆಲ್ಲ ಒತ್ತಬೇಡಿ ಅಂತ ಪೊಲೀಸರೂ ಬ್ಯಾಂಕಿನವರೂ ಹೇಳಿ ಹೇಳಿ ಜನ ಹುಷಾರಾಗಿದ್ದಾರೆ, ಆಗಲೂ ಬೇಕು. ಕರೆಂಟ್ ಖಾತೆ ಅಂಗಡಿಯ ಹೆಸರಲ್ಲೇ ಇರಲಿ, ಸ್ಕ್ರೀನಿನಲ್ಲಿ ಯಾವ ಹೆಸರು ಕಾಣುತ್ತದೆ ಅಂತ ಬಿಲ್ಲಿನಲ್ಲೇ ಬರೆಯಿರಿ.

ನನ್ನ ತಲೆನೋವು ಶುರುವಾಗುವುದು ದುಡ್ಡು ಬಂದ ಮೇಲೆ. ಸ್ಟೇಟ್‌ಮೆಂಟಿನಲ್ಲಿ 4,720 ರೂಪಾಯಿ ಜಮಾ. ಕಳಿಸಿದ್ದು ಯಾರದೋ ಅಳಿಯನ ಖಾತೆಯಿಂದ. ಅಷ್ಟೇ ಮೊತ್ತದ ಮೂರು ಬಿಲ್ ಬಾಕಿ ಇವೆ, ಯಾವುದಕ್ಕೆ ಹೊಂದಿಸಲಿ? ಮೊತ್ತ, ಬಿಲ್ ನಂಬರ್ ಎರಡನ್ನೂ ಯುಪಿಐ ಲಿಂಕಿನೊಳಗೇ ಸೇರಿಸಬಹುದು, ಬಿಲ್ಲಿಂಗ್ ಸಾಫ್ಟ್‌ವೇರ್ ಹಲವು ಇದನ್ನು ತಾವೇ ಮಾಡುತ್ತವೆ. ಗ್ರಾಹಕರು ಪಿನ್ ಒತ್ತಿದರಾಯಿತು. ಆದರೆ ನಮ್ಮ ಕಡೆ "ಈಗ ಅರ್ಧ, ಉಳಿದದ್ದು ಅಡಿಕೆ ಕೊಟ್ಟ ಮೇಲೆ" ಅನ್ನುವವರು ಬಹಳ. ಅಂಥವರಿಗೆ ಬಿಲ್ ನಂಬರ್ ಮಾತ್ರ ತುಂಬಿಸಿ ಮೊತ್ತ ಖಾಲಿ ಬಿಡಿ. ಪೂರ್ತಿ ಮೊತ್ತವೇ ಬೇಕು ಅಂತ ಹಟ ಹಿಡಿದರೆ ಆ ಅರ್ಧವೂ ಬರಲ್ಲ, ಅಲ್ವಾ?

ಮಿತಿಗಳನ್ನೂ ನೋಡಿಕೊಳ್ಳಿ. ಯುಪಿಐಗೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷ, ಬ್ಯಾಂಕಿನಿಂದ ಬ್ಯಾಂಕಿಗೆ ದೊಡ್ಡ ಮೊತ್ತ ಕಳಿಸುವ ಆರ್‌ಟಿಜಿಎಸ್ 2 ಲಕ್ಷದಿಂದ ಮೇಲೆ, ನಡುವಿನದಕ್ಕೆ ಅಂಥದ್ದೇ ಇನ್ನೊಂದು ದಾರಿ ನೆಫ್ಟ್. 2019ರ ಡಿಸೆಂಬರಿನಿಂದ ನೆಫ್ಟ್ ಹಗಲು ರಾತ್ರಿ ನಡೆಯುತ್ತದೆ, ಮರುವರ್ಷದಿಂದ ಆರ್‌ಟಿಜಿಎಸ್ ಕೂಡ. ಭಾನುವಾರದ ನೆಪ ಇನ್ನು ನಡೆಯಲ್ಲ. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ 2020ರಿಂದ ಎಂಡಿಆರ್, ಅಂದರೆ ವ್ಯಾಪಾರಿಯಿಂದ ಹಿಡಿಯುವ ಕಮಿಷನ್, ಇಲ್ಲ. ಆನ್‌ಲೈನ್ ಪೇಮೆಂಟ್ ನಡೆಸಿಕೊಡುವ ಗೇಟ್‌ವೇ ಕಂಪನಿಗಳು ತಮ್ಮ ಸೇವೆಗೆ ಬೇರೆ ಹಾಕಬಹುದು, ಸಹಿ ಮಾಡುವ ಮೊದಲೇ ಕೇಳಿ.

ಮಳೆಗಾಲದ ಮಾತೊಂದು ಉಳಿಯಿತು. ಕರೆಂಟ್ ಹೋದರೆ ಟವರೂ ಹೋಗುವ ಊರುಗಳಲ್ಲಿ ಪೇಮೆಂಟ್ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಅವರ ಖಾತೆಯಿಂದ ಹೋಗಿದೆ, ನಿಮಗೆ ಬಂದಿಲ್ಲ. ತಕ್ಷಣ ಇನ್ನೊಮ್ಮೆ ಹಾಕಿ ಅನ್ನಬೇಡಿ, ಎರಡೂ ಬಂದರೆ ವಾಪಸ್ ಕೊಡುವ ಕೆಲಸ ನಿಮ್ಮದೇ. ಆ ಪೇಮೆಂಟಿನ ಗುರುತಿನ ಸಂಖ್ಯೆಯಾದ ಯುಟಿಆರ್ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ರಿಸರ್ವ್ ಬ್ಯಾಂಕಿನ 2019ರ ನಿಯಮದಂತೆ ಹೀಗೆ ಸಿಕ್ಕಿಕೊಂಡ ಹಣ ಮಾರನೇ ದಿನದೊಳಗೆ, ವ್ಯಾಪಾರಿ ಖಾತೆಯದ್ದಾದರೆ ಐದು ದಿನದೊಳಗೆ ತಾನಾಗಿ ಮರಳಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ಇದನ್ನು ಗ್ರಾಹಕರಿಗೂ ಹೇಳಿ, ಅವರು ಸುಮ್ನೆ ಗಾಬರಿಯಾಗುವುದಿಲ್ಲ.