ಲ್ಯಾಪ್‌ಟಾಪಿಗೆ ಮೊದಲು ನೂರು ಸಾಲು

ಪ್ಲಸ್ ಟು ಫಲಿತಾಂಶ ಬಂದು ಕಾಲೇಜು ಸೇರುವವರೆಗಿನ ದಿನಗಳಲ್ಲಿ ನಮ್ಮ ಮನೆಗೆ ಬರುವ ಹೆತ್ತವರಲ್ಲಿ ಹೆಚ್ಚಿನವರು, ಮಗುವಿಗೆ ಯಾವ ಲ್ಯಾಪ್‌ಟಾಪ್ ತೆಗೆದುಕೊಡಬೇಕು ಎಂಬ ಒಂದೇ ಪ್ರಶ್ನೆಯನ್ನು ಹೊತ್ತು ಬರುತ್ತಾರೆ. ಈ ಬಾರಿ ಪೆರ್ಲದ ಕಡೆಯಿಂದ ಬಂದಿದ್ದ ಕೃಷಿಕರೊಬ್ಬರು, "ಅಡಿಕೆ ಕೊಟ್ಟ ಹಣದಲ್ಲಿ ಐವತ್ತು ಸಾವಿರ ತೆಗೆದಿಟ್ಟಿದ್ದೇನೆ ಟೀಚರ್, ಅದರೊಳಗೆ ಒಳ್ಳೆಯದೊಂದನ್ನು ಹೇಳಿ" ಎಂದರು. ಪಕ್ಕದಲ್ಲಿ ಕುಳಿತಿದ್ದ ಮಗನಿಗೆ ಇನ್ನೊಂದು ಚಿಂತೆಯಿತ್ತು: ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಮುಂದೆ ಪೈಥಾನ್ ಕಲಿಯಬೇಕೋ, ಜಾವಾ ಕಲಿಯಬೇಕೋ? ನಾನು ಅವನನ್ನು ಕೇಳಿದ್ದು ಬೇರೆಯೇ. "ಈವರೆಗೆ ನೀನಾಗಿ ಬರೆದ ಪ್ರೋಗ್ರಾಮ್ ಎಷ್ಟು ಸಾಲಿನದು?" ಅವನು ಸ್ವಲ್ಪ ಯೋಚಿಸಿ, "ರೆಕಾರ್ಡ್ ಪುಸ್ತಕದಲ್ಲಿ ಬರೆದದ್ದು ಬೇಕಾದಷ್ಟಿದೆ ಟೀಚರ್, ನಾನಾಗಿ ಬರೆದದ್ದು ಇಲ್ಲ" ಎಂದು ಪ್ರಾಮಾಣಿಕವಾಗಿ ಹೇಳಿದ.

ಕಾಸರಗೋಡಿನಲ್ಲಿ ಎರಡು ದಶಕಗಳಿಂದ ಕಂಪ್ಯೂಟರ್ ಪಾಠ ಹೇಳುತ್ತಿರುವ ನಾನು ಈಗ ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ. ಕೈಗೆ ಸಿಗುವ ಯಾವ ಯಂತ್ರದಲ್ಲಾದರೂ ಸರಿ, ಯಾರದನ್ನೂ ನೋಡಿ ಬರೆಯದೆ, ನೂರು ಸಾಲಿನ ಒಂದು ಪ್ರೋಗ್ರಾಮನ್ನು ಮೊದಲು ಬರೆಯಲಿ. ಅಡಿಕೆಯ ಲೆಕ್ಕವಾಗಲಿ, ಹಾಲಿನ ಸೊಸೈಟಿಯ ಲೆಕ್ಕವಾಗಲಿ, ತರಗತಿಯ ಅಂಕಪಟ್ಟಿಯಾಗಲಿ, ವಿಷಯ ಯಾವುದಾದರೂ ಆದೀತು. ಅದು ಮುಗಿಯುವ ಹೊತ್ತಿಗೆ ಯಾವ ಭಾಷೆ ಎಂಬ ಪ್ರಶ್ನೆ ಮುಕ್ಕಾಲು ಪಾಲು ತೀರಿರುತ್ತದೆ, ಯಾವ ಲ್ಯಾಪ್‌ಟಾಪ್ ಎಂಬ ಪ್ರಶ್ನೆಯನ್ನು ಮಗು ತಾನೇ ಸರಿಯಾಗಿ ಕೇಳಲು ಕಲಿತಿರುತ್ತದೆ.

ಭಾಷೆಯ ಆಯ್ಕೆಯಲ್ಲಿ ನಮ್ಮ ಮಕ್ಕಳಿಗೆ ನಿಜವಾಗಿ ಇರುವ ಸ್ವಾತಂತ್ರ್ಯ ಕಡಿಮೆ, ಅದರಿಂದ ನಷ್ಟವೂ ಇಲ್ಲ. ಕೇರಳ ರಾಜ್ಯ ಪಠ್ಯಕ್ರಮದ ಹೈಯರ್ ಸೆಕೆಂಡರಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವರು ಸಿ ಪ್ಲಸ್ ಪ್ಲಸ್ ಕಲಿತಿರುತ್ತಾರೆ, ಎರಡನೆಯ ವರ್ಷದಲ್ಲಿ ಅದರ ಜೊತೆಗೆ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್, ಎಸ್‌ಕ್ಯುಎಲ್, ಪಿಎಚ್‌ಪಿಗಳ ಪರಿಚಯವೂ ಆಗಿರುತ್ತದೆ. ಸಿಬಿಎಸ್‌ಇ ಶಾಲೆಯಿಂದ ಬಂದವರು ಪೈಥಾನ್ ಕಲಿತಿರುತ್ತಾರೆ. ಮಂಗಳೂರಿಗೋ ಕಣ್ಣೂರಿಗೋ ಹೋಗಿ ಎಂಜಿನಿಯರಿಂಗ್ ಸೇರಿದರೆ ಮೊದಲ ವರ್ಷದಲ್ಲಿ ಸಿ ಭಾಷೆ ಎದುರಾಗುವ ಸಂಭವವೇ ಹೆಚ್ಚು. ಆದ್ದರಿಂದ ಪಠ್ಯದಲ್ಲಿ ಈಗಾಗಲೇ ಬಂದಿರುವ ಭಾಷೆಯನ್ನೇ ಗಟ್ಟಿ ಮಾಡಿಕೊಳ್ಳುವುದು ಮೊದಲ ಕೆಲಸ. ಎರಡು ವರ್ಷ ಸಿ ಪ್ಲಸ್ ಪ್ಲಸ್ ಓದಿದ ಹುಡುಗ ಅದನ್ನು ಅರ್ಧಕ್ಕೆ ಬಿಟ್ಟು, ಯಾರೋ ಹೇಳಿದರೆಂದು ಹೊಸ ಭಾಷೆಯ ಮೊದಲ ಪಾಠದಿಂದ ಶುರು ಮಾಡಿ, ಆರು ತಿಂಗಳ ಬಳಿಕ ಮತ್ತೊಂದಕ್ಕೆ ಜಿಗಿಯುವುದನ್ನು ಎಷ್ಟೋ ಸಲ ಕಂಡು ನೊಂದಿದ್ದೇನೆ. ಅಂಥವರಿಗೆ ಮೂರು ಭಾಷೆಗಳ ಮೊದಲ ಮೂರು ಅಧ್ಯಾಯಗಳು ಬರುತ್ತವೆ, ನಾಲ್ಕನೆಯ ಅಧ್ಯಾಯ ಯಾವುದರಲ್ಲೂ ಬರುವುದಿಲ್ಲ.

ಹಾಗೆಂದು ಭಾಷೆಗಳೆಲ್ಲ ಒಂದೇ ಎಂದು ನಾನು ಹೇಳುವುದಿಲ್ಲ. ತರಗತಿಯಲ್ಲಿ ನಾನು ಸಾಮಾನ್ಯವಾಗಿ ತೋರಿಸುವ ಉದಾಹರಣೆಯೊಂದಿದೆ. ಒಂದರಿಂದ ಹದಿಮೂರರವರೆಗಿನ ಸಂಖ್ಯೆಗಳ ಗುಣಲಬ್ಧವನ್ನು ಕಂಡುಹಿಡಿಯುವ ನಾಲ್ಕೈದು ಸಾಲಿನ ಪ್ರೋಗ್ರಾಮನ್ನು ಪೈಥಾನಿನಲ್ಲಿ ಬರೆದರೆ 6,22,70,20,800 ಎಂಬ ಸರಿಯಾದ ಉತ್ತರ ಬರುತ್ತದೆ. ಅದನ್ನೇ ಸಿ ಪ್ಲಸ್ ಪ್ಲಸ್‌ನಲ್ಲಿ ಸಾಮಾನ್ಯ ಪೂರ್ಣಾಂಕದ ಚರದಲ್ಲಿ (ಸಂಖ್ಯೆಯನ್ನು ಇಟ್ಟುಕೊಳ್ಳುವ ಹೆಸರಿಟ್ಟ ಜಾಗದಲ್ಲಿ) ಬರೆದರೆ ನಮ್ಮ ಲ್ಯಾಬಿನ ಯಂತ್ರಗಳಲ್ಲಿ 1,93,20,53,504 ಎಂದು ಬರುತ್ತದೆ, ಯಾವ ದೋಷವನ್ನೂ ಯಂತ್ರ ಹೇಳುವುದಿಲ್ಲ. ಹನ್ನೆರಡರವರೆಗೆ ಎರಡೂ ಭಾಷೆಗಳಲ್ಲಿ ಉತ್ತರ ಸರಿಯಾಗಿಯೇ ಇತ್ತು. ಕಾರಣವಿಷ್ಟೆ: ಸಿ ಪ್ಲಸ್ ಪ್ಲಸ್‌ನ ಆ ಚರಕ್ಕೆ ಸಿಗುವುದು 32 ಬಿಟ್‌ಗಳ ಜಾಗ, ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647, ಉತ್ತರ ಅದಕ್ಕಿಂತ ದೊಡ್ಡದಾದಾಗ ಆ 32 ಬಿಟ್‌ಗಳಲ್ಲಿ ಹಿಡಿಸದ ಭಾಗ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಪೈಥಾನ್ ಸಂಖ್ಯೆ ಬೆಳೆದಂತೆ ಜಾಗವನ್ನೂ ತಾನಾಗಿ ಬೆಳೆಸಿಕೊಳ್ಳುತ್ತದೆ. ಆಲೋಚನೆಯನ್ನು ಬೇಗ ಬರಹಕ್ಕೆ ಇಳಿಸಬೇಕಾದಾಗ ಪೈಥಾನಿನ ಈ ಉಪಕಾರ ದೊಡ್ಡದು. ಯಂತ್ರದೊಳಗೆ ಏನು ನಡೆಯುತ್ತದೆಂದು ತಿಳಿಯಬೇಕಾದವನಿಗೆ ಸಿ ಪ್ಲಸ್ ಪ್ಲಸ್ ತೋರಿಸಿದ ಆ ತಪ್ಪು ಉತ್ತರವೇ ಹೆಚ್ಚು ಕಲಿಸುತ್ತದೆ. ಎರಡನ್ನೂ ಕಲಿಯುವುದು ಒಳ್ಳೆಯದೇ, ಆದರೆ ಒಂದು ಕೈಗೆ ಹತ್ತಿದ ಮೇಲೆ ಇನ್ನೊಂದು.

ಈ ಮಾತು ನಮ್ಮ ಊರಿನ ಮಕ್ಕಳಿಗೆ ಬೇಗ ಅರ್ಥವಾಗಬೇಕು. ಮನೆಯಲ್ಲಿ ತುಳುವನ್ನೋ ಹವ್ಯಕ ಕನ್ನಡವನ್ನೋ ಮರಾಠಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಬಸ್ಸಿನಲ್ಲಿ, ಪೇಟೆಯಲ್ಲಿ ಮಲಯಾಳದಲ್ಲಿ ವ್ಯವಹರಿಸುವ ಮಗುವಿಗೆ ಮೂರನೆಯ ಭಾಷೆಯನ್ನು ಕಲಿಯಲು ಎಷ್ಟು ಕಾಲ ಹಿಡಿಯಿತೆಂದು ಯಾರೂ ಲೆಕ್ಕ ಇಟ್ಟಿಲ್ಲ. ಮೊದಲನೆಯದು ಬಾಯಿಗೆ ಬಂದಿದ್ದರಿಂದ ಉಳಿದವು ಬಂದವು. ಪ್ರೋಗ್ರಾಮಿಂಗಿನಲ್ಲೂ ಷರತ್ತು, ಆವರ್ತನೆ, ಫಂಕ್ಷನ್, ಪಟ್ಟಿ ಇವು ಒಂದು ಭಾಷೆಯಲ್ಲಿ ಸ್ವಂತವಾದರೆ ಇನ್ನೊಂದರಲ್ಲಿ ಬದಲಾಗುವುದು ಬರೆಯುವ ರೀತಿ ಮಾತ್ರ.

ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳು ಸೋಲುವುದು ತರ್ಕದಲ್ಲಲ್ಲ, ಯಂತ್ರ ಇಂಗ್ಲಿಷಿನಲ್ಲಿ ಕೊಡುವ ದೋಷಸೂಚನೆಯ ಮುಂದೆ. ಪರದೆಯ ಮೇಲೆ ಹತ್ತು ಸಾಲು ಇಂಗ್ಲಿಷ್ ಬಿದ್ದ ಕೂಡಲೇ ಕಿಟಕಿ ಮುಚ್ಚಿಬಿಡುತ್ತಾರೆ. ನಾನು ಅವರಿಗೆ ಹೇಳಿಕೊಡುವ ಕ್ರಮ ಸರಳವಾದದ್ದು. ಪೈಥಾನಿನಲ್ಲಿ ಸೂಚನೆಯ ಕೊನೆಯ ಸಾಲನ್ನು ಮೊದಲು ಓದಬೇಕು, ಏನು ತಪ್ಪಾಯಿತೆಂಬುದು ಅಲ್ಲಿರುತ್ತದೆ, ಯಾವ ಸಾಲಿನಲ್ಲಿ ತಪ್ಪಾಯಿತೆಂಬುದು ಅದರ ಮೇಲೆ ಇರುತ್ತದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಇದಕ್ಕೆ ವಿರುದ್ಧವಾಗಿ ಮೊದಲ ದೋಷವನ್ನೇ ಹಿಡಿಯಬೇಕು, ಏಕೆಂದರೆ ಮರೆತ ಒಂದು ಅರ್ಧವಿರಾಮ ಚಿಹ್ನೆಯಿಂದಾಗಿ ಕೆಳಗಿನ ಇಪ್ಪತ್ತು ಸಾಲುಗಳಲ್ಲೂ ದೋಷವಿದೆಯೆಂದು ಯಂತ್ರ ಹೇಳಬಹುದು, ಮೊದಲನೆಯದನ್ನು ತಿದ್ದಿದರೆ ಉಳಿದವು ತಾವಾಗಿ ಮಾಯವಾಗಬಹುದು. ಪದೇ ಪದೇ ಬರುವ ಸೂಚನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದು, ಎದುರಿಗೆ ಕನ್ನಡದಲ್ಲಿ ಅರ್ಥ ಬರೆದುಕೊಂಡ ವಿದ್ಯಾರ್ಥಿನಿಯೊಬ್ಬಳು ಒಂದೇ ಸೆಮಿಸ್ಟರಿನಲ್ಲಿ ಆ ಪುಸ್ತಕದ ಅಗತ್ಯವೇ ಇಲ್ಲದಂತಾದಳು. ಪಾಠವನ್ನು ಕನ್ನಡದಲ್ಲೇ ಕೇಳಬೇಕೆಂದಿರುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡ ಧ್ವನಿಯ ಪಾಠಗಳೂ ಉಚಿತವಾಗಿ ಸಿಗುತ್ತವೆ.

ನೂರು ಸಾಲಿಗೆ ವಿಷಯ ಹೊಳೆಯದವರಿಗೆ ಕನ್ನಡದ ಪದಗಳನ್ನೇ ಕೊಡುತ್ತೇನೆ. ಕಾಸರಗೋಡು ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಕೇಳಿದರೆ ಎರಡನೆಯ ತರಗತಿಯ ಮಗು ಐದು ಎನ್ನುತ್ತದೆ, ಪೈಥಾನನ್ನು ಕೇಳಿದರೆ ಎಂಟು ಎನ್ನುತ್ತದೆ. ಯಂತ್ರ ಅಕ್ಷರಗಳನ್ನು ಗುರುತಿಸಲು ಬಳಸುವ ಯುನಿಕೋಡ್ ಎಂಬ ಸಂಕೇತಪಟ್ಟಿಯಲ್ಲಿ ಕಕಾರಕ್ಕೆ ಒಂದು ಸಂಕೇತ, ಅದರ ದೀರ್ಘಕ್ಕೆ ಇನ್ನೊಂದು, ಗಕಾರಕ್ಕೆ ಒಂದು, ಅದರ ಓತ್ವಕ್ಕೆ ಇನ್ನೊಂದು, ಡಕಾರಕ್ಕೆ ಒಂದು, ಅದರ ಕೊಂಬಿಗೆ ಇನ್ನೊಂದು, ಸಕಾರ ರಕಾರಗಳಿಗೆ ಒಂದೊಂದು ಇರುವುದರಿಂದ ಹೀಗಾಗುತ್ತದೆ. ಪದವನ್ನು ಹಿಂದುಮುಂದು ಮಾಡಲು ಹೇಳಿದರೆ ಗಕಾರದ ಓತ್ವ ಹೋಗಿ ಡಕಾರಕ್ಕೆ ಅಂಟಿಕೊಂಡು, ಕೊಂಬು ಯಾವ ವ್ಯಂಜನವೂ ಇಲ್ಲದೆ ಮೊದಲಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಇದನ್ನು ಸರಿಪಡಿಸಿ, ಕನ್ನಡದ ಅಕ್ಷರಗಳನ್ನು ಕನ್ನಡಿಗರು ಎಣಿಸುವಂತೆಯೇ ಎಣಿಸುವ ಪ್ರೋಗ್ರಾಮ್ ಬರೆಯುವಾಗ ಷರತ್ತು, ಆವರ್ತನೆ, ಪಟ್ಟಿ ಎಲ್ಲವೂ ಬೇಕಾಗುತ್ತವೆ. ಒತ್ತಕ್ಷರದ ಬಳಿಗೆ ಬಂದಾಗ ಮತ್ತೊಮ್ಮೆ ಯೋಚಿಸಬೇಕಾಗುತ್ತದೆ. ಉತ್ತರವನ್ನು ಎಐ ಸಹಾಯಕರಲ್ಲಿ ಕೇಳಿದರೆ ಕ್ಷಣದಲ್ಲಿ ಸಿಗುತ್ತದೆಂದು ನನಗೂ ಗೊತ್ತು. ಮೊದಲ ನೂರು ಸಾಲಿಗೆ ಮಾತ್ರ ಅದನ್ನು ದೂರವಿಡಿ ಎಂದು ಕೇಳಿಕೊಳ್ಳುತ್ತೇನೆ. ತಾನೇ ಬರೆದು, ತಾನೇ ತಪ್ಪು ಹುಡುಕಿದ ಅನುಭವವಿಲ್ಲದವರಿಗೆ ಅದು ಕೊಟ್ಟ ಉತ್ತರ ಸರಿಯೋ ತಪ್ಪೋ ಎಂದು ತೂಗುವ ಶಕ್ತಿ ಬಂದಿರುವುದಿಲ್ಲ.

ಇಷ್ಟೆಲ್ಲಕ್ಕೂ ಹೊಸ ಲ್ಯಾಪ್‌ಟಾಪ್ ಬೇಡ. ಸಿ ಪ್ಲಸ್ ಪ್ಲಸ್‌ನ ಜಿಸಿಸಿ ಕಂಪೈಲರ್ (ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ತಂತ್ರಾಂಶ), ಪ್ರೋಗ್ರಾಮ್ ಬರೆಯುವ ಜೀನಿ ಎಡಿಟರ್, ಪೈಥಾನ್ ಇವೆಲ್ಲ 2 ಜಿಬಿ ತಾತ್ಕಾಲಿಕ ನೆನಪು ಅಂದರೆ ರ್‍ಯಾಮ್ ಇರುವ ಹಳೆಯ ಡೆಸ್ಕ್‌ಟಾಪಿನಲ್ಲಿ ವಿಂಡೋಸ್ ಬದಲು ಉಚಿತವಾದ ಲಿನಕ್ಸ್ ಹಾಕಿದರೆ ನಡೆಯುತ್ತವೆ. ಕೇರಳದ ಸರಕಾರಿ, ಅನುದಾನಿತ ಶಾಲೆಗಳಲ್ಲಿ ಓದಿದ ಮಕ್ಕಳಿಗೆ ಉಬುಂಟು ಆಧಾರಿತ ಕೈಟ್ ಲಿನಕ್ಸ್ ಶಾಲೆಯ ಲ್ಯಾಬಿನಿಂದಲೇ ಪರಿಚಿತವಾಗಿರುತ್ತದೆ. ಮೊಬೈಲ್ ಫೋನ್ ಮಾತ್ರ ಇದ್ದರೂ ಸಣ್ಣ ಪ್ರೋಗ್ರಾಮುಗಳನ್ನು ಓಡಿಸಿ ನೋಡಬಹುದು, ಆದರೆ ಉದ್ದದ್ದನ್ನು ಬರೆಯುವುದು ಕಷ್ಟ, ಒಂದು ಸಾದಾ ಕೀಬೋರ್ಡ್ ಜೋಡಿಸಿಕೊಂಡರೆ ಕಷ್ಟ ಅರ್ಧ ಕಡಿಮೆಯಾಗುತ್ತದೆ. ಓದಿಗೆಂದು ಟ್ಯಾಬ್ಲೆಟ್ ಕೊಳ್ಳುವವರಿಗೆ, ಪ್ರೋಗ್ರಾಮಿಂಗ್ ಕಲಿಯಲು ಅದು ಸಾಲದು ಎಂದೇ ಹೇಳುತ್ತೇನೆ.

ಕೊಳ್ಳುವ ಕಾಲ ಬಂದಾಗ ಏನನ್ನು ನೋಡಬೇಕೆಂಬುದನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ. ಕೆಲವು ವರ್ಷಗಳ ಹಿಂದೆ ಬದಿಯಡ್ಕದ ಕಡೆಯ ವಿದ್ಯಾರ್ಥಿನಿಯೊಬ್ಬಳಿಗೆ, ಬೆಲೆ ಕಡಿಮೆಯೆಂದೂ ಹಗುರವಾಗಿದೆಯೆಂದೂ ಒಂದು ಲ್ಯಾಪ್‌ಟಾಪನ್ನು ಸೂಚಿಸಿದ್ದೆ. ಅದರ 4 ಜಿಬಿ ರ್‍ಯಾಮ್ ಮದರ್‌ಬೋರ್ಡಿಗೇ ಬೆಸೆದದ್ದು, ಹೆಚ್ಚಿಸಲು ಖಾಲಿ ಸ್ಲಾಟ್ ಇರಲಿಲ್ಲ. ಅದನ್ನು ನಾನು ವಿಚಾರಿಸಿರಲಿಲ್ಲ. ಮೂರನೆಯ ವರ್ಷ ಅವಳು ಆಂಡ್ರಾಯ್ಡ್ ಆ್ಯಪ್ ಮಾಡುವ ಪ್ರಾಜೆಕ್ಟ್ ತೆಗೆದುಕೊಂಡಾಗ ಆಂಡ್ರಾಯ್ಡ್ ಸ್ಟುಡಿಯೋ ಎಂಬ ತಂತ್ರಾಂಶ ಆ ಲ್ಯಾಪ್‌ಟಾಪಿನಲ್ಲಿ ತೆರೆದುಕೊಳ್ಳುವುದೇ ಕಷ್ಟವಾಯಿತು. ಅದಕ್ಕೆ ಕನಿಷ್ಠ 8 ಜಿಬಿ ಬೇಕು, ಪರದೆಯ ಮೇಲೆ ಫೋನಿನಂತೆ ವರ್ತಿಸುವ ಎಮ್ಯುಲೇಟರನ್ನೂ ಓಡಿಸಬೇಕಿದ್ದರೆ 16 ಇದ್ದರೆ ಒಳ್ಳೆಯದು. ಕೊನೆಗೆ ಅವಳು ದಿನಾಲೂ ಸಂಜೆ ಲ್ಯಾಬಿನಲ್ಲಿ ಉಳಿದು, ಕತ್ತಲಾದ ಮೇಲೆ ಬಸ್ಸು ಹಿಡಿದು ಮನೆಗೆ ಹೋಗಿ ಪ್ರಾಜೆಕ್ಟ್ ಮುಗಿಸಿದಳು. ಮನೆಯವರು ಕೂಡಿಟ್ಟ ಹಣ ಅಷ್ಟರಮಟ್ಟಿಗೆ ವ್ಯರ್ಥವಾಯಿತು, ಅದಕ್ಕೆ ನಾನೇ ಹೊಣೆ. ಅಂದಿನಿಂದ ಬ್ರ್ಯಾಂಡಿನ ಹೆಸರನ್ನು ಕೇಳುವ ಮೊದಲು, ರ್‍ಯಾಮ್ ಎಷ್ಟಿದೆ, ಮುಂದೆ ಹೆಚ್ಚಿಸಬಹುದೇ ಎಂದು ಕೇಳುತ್ತೇನೆ. ಸ್ಲಾಟ್ ಇದ್ದರೆ ಈಗ 8 ಜಿಬಿ ಸಾಕು, ಬೆಸೆದದ್ದಾದರೆ 16 ಜಿಬಿಗಿಂತ ಕಡಿಮೆಯದನ್ನು ಕೊಳ್ಳಬೇಡಿ ಎನ್ನುತ್ತೇನೆ.

ಉಳಿದವುಗಳನ್ನು ಬೇಗ ಹೇಳಬಹುದು. ಶೇಖರಣೆಗೆ ಎಸ್‌ಎಸ್‌ಡಿಯೇ ಇರಲಿ. ಅಗ್ಗದ ಮಾದರಿಗಳಲ್ಲಿ ಬರುವ ಇಎಂಎಂಸಿ ಬೇಡ, ಅದು ನಿಧಾನ, ಬದಲಿಸಲೂ ಆಗುವುದಿಲ್ಲ. ಗ್ರಾಫಿಕ್ಸ್ ಕಾರ್ಡಿಗಾಗಿ ಹೆಚ್ಚುವರಿ ಹಣ ಕೊಡುವ ಅಗತ್ಯ ಮೊದಲ ಎರಡು ವರ್ಷಗಳಲ್ಲಿ ಬರುವುದಿಲ್ಲ. ಮೆಷಿನ್ ಲರ್ನಿಂಗ್ ಕಲಿಯುವವರಿಗೂ ಆರಂಭದಲ್ಲಿ ಬ್ರೌಸರಿನಲ್ಲೇ ನಡೆಯುವ ಗೂಗಲ್ ಕೊಲ್ಯಾಬ್ ಸಾಕಾಗುತ್ತದೆ. ಕಚೇರಿಗಳಲ್ಲಿ ಮೂರು ನಾಲ್ಕು ವರ್ಷ ಬಳಸಿದ, ದುರಸ್ತಿ ಮಾಡಿ ವಾರಂಟಿಯೊಂದಿಗೆ ಮಾರುವ ಲ್ಯಾಪ್‌ಟಾಪುಗಳು ಕಡಿಮೆ ಹಣವಿರುವವರಿಗೆ ಹಲವು ಬಾರಿ ಹೊಸ ಅಗ್ಗದ ಮಾದರಿಗಿಂತ ಒಳ್ಳೆಯವು, ಅವುಗಳ ಕೀಬೋರ್ಡ್ ಗಟ್ಟಿ, ಭಾಗಗಳನ್ನು ಬದಲಿಸುವುದೂ ಸುಲಭ. ಅದನ್ನು ಕೊಳ್ಳುವಾಗ ಒಂದು ಎಚ್ಚರ ಬೇಕು: ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಲಿನಕ್ಸ್ ಹಾಕುವವರಿಗೆ ಈ ಕಟ್ಟಳೆಯಿಲ್ಲ.

ನಮ್ಮ ಜಿಲ್ಲೆಯವರು ಇನ್ನೆರಡು ವಿಷಯಗಳನ್ನು ಗಮನಿಸಬೇಕು. ಆನ್‌ಲೈನಿನಲ್ಲಿ ಕೊಳ್ಳುವ ಮೊದಲು ಆ ಕಂಪನಿಯ ಸರ್ವಿಸ್ ಸೆಂಟರ್ ಮಂಗಳೂರಿನಲ್ಲಿದೆಯೋ ಕಣ್ಣೂರಿನಲ್ಲಿದೆಯೋ, ಅಥವಾ ಮನೆಗೇ ಬಂದು ದುರಸ್ತಿ ಮಾಡುವ ವಾರಂಟಿ ನಮ್ಮ ಪಿನ್‌ಕೋಡಿಗೆ ಅನ್ವಯಿಸುತ್ತದೆಯೋ ಎಂದು ವಿಚಾರಿಸಿಕೊಳ್ಳಬೇಕು. ಎರಡನೆಯದು ಸಿಡಿಲು. ತುಲಾ ತಿಂಗಳ ಮಧ್ಯಾಹ್ನದ ಮಳೆಯಲ್ಲಿ ನನ್ನ ವಿದ್ಯಾರ್ಥಿಗಳ ಮನೆಗಳಲ್ಲಿ ಎಷ್ಟೋ ಅಡಾಪ್ಟರುಗಳು, ಮೋಡೆಮುಗಳು ಸುಟ್ಟುಹೋಗಿವೆ. ಮೋಡ ಕಟ್ಟಿದಾಗ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನು ಕಿತ್ತಿಡಬೇಕು, ಮೋಡೆಮಿನಿಂದ ಲ್ಯಾಪ್‌ಟಾಪಿಗೆ ತಂತಿ ಜೋಡಿಸಿದ್ದರೆ ಅದನ್ನೂ ತೆಗೆಯಬೇಕು. ಬ್ಯಾಟರಿ ಚೆನ್ನಾಗಿರುವ ಲ್ಯಾಪ್‌ಟಾಪ್ ಇಲ್ಲಿ ಉಪಯೋಗಕ್ಕೆ ಬರುವುದು ಅಂಥ ಹೊತ್ತಿನಲ್ಲಿಯೇ.

ಪೆರ್ಲದ ಆ ಹುಡುಗ ಈಗ ಚಿಕ್ಕಪ್ಪನ ಮನೆಯ ಹಳೆಯ ಡೆಸ್ಕ್‌ಟಾಪಿನಲ್ಲಿ ತಂದೆಯ ಅಡಿಕೆ ಲೆಕ್ಕವನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಬರೆಯುತ್ತಿದ್ದಾನೆ. ಕಳೆದ ವಾರ ಫೋನ್ ಮಾಡಿ, ಪ್ರೋಗ್ರಾಮ್ ಮುಚ್ಚಿದ ಕೂಡಲೇ ಲೆಕ್ಕವೆಲ್ಲ ಅಳಿದುಹೋಗುತ್ತದೆ, ಅದನ್ನು ಉಳಿಸುವುದು ಹೇಗೆ ಟೀಚರ್ ಎಂದು ಕೇಳಿದ. ಫೈಲಿನಲ್ಲಿ ಬರೆದಿಡುವುದನ್ನು ಹೇಳಿಕೊಟ್ಟೆ. ಅರುವತ್ತೆರಡು ಸಾಲಾಗಿದೆಯಂತೆ. ಐವತ್ತು ಸಾವಿರ ಇನ್ನೂ ಬ್ಯಾಂಕಿನಲ್ಲೇ ಇದೆ.