ಸ್ವಿಚ್‌ನ ಲಾಗಿನ್ ಯಾರ ಕಣ್ಣಿಗೆ ಬೀಳಬೇಕು?

ಯಾವುದೇ ಸಂಸ್ಥೆಯ ನೆಟ್‌ವರ್ಕ್ ತಪಾಸಣೆಗೆ ಹೋದರೂ ನಾನು ಮೊದಲು ಮಾಡುವ ಕೆಲಸ ಒಂದೇ. ಲೆಕ್ಕಪತ್ರ ವಿಭಾಗದ ಯಾವುದಾದರೂ ಮೇಜಿನ ಕೇಬಲ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ಅಲ್ಲಿಂದಲೇ ಸ್ವಿಚ್‌ನ, ಅಂದರೆ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಪೆಟ್ಟಿಗೆಯ, ಐಪಿ ವಿಳಾಸಕ್ಕೆ ಕನೆಕ್ಟ್ ಆಗಲು ನೋಡುತ್ತೇನೆ. ಬಹಳಷ್ಟು ಕಡೆ ಲಾಗಿನ್ ಪರದೆ ಬಂದೇಬಿಡುತ್ತದೆ. ‘ಪಾಸ್‌ವರ್ಡ್ ಗಟ್ಟಿಯಾಗಿಯೇ ಇದೆಯಲ್ಲ ಸಾರ್’ ಎನ್ನುತ್ತಾರೆ ನೆಟ್‌ವರ್ಕ್ ನೋಡಿಕೊಳ್ಳುವ ಅಡ್ಮಿನ್. ನನ್ನ ತಕರಾರು ಪಾಸ್‌ವರ್ಡಿನದ್ದಲ್ಲ. ಬಿಲ್ ಟೈಪ್ ಮಾಡುವ ಕಂಪ್ಯೂಟರಿಗೆ ಆ ಪರದೆ ಕಾಣುವುದಾದರೂ ಏಕೆ?

2017ರ ಮಾರ್ಚ್‌ನಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ವಿಕಿಲೀಕ್ಸ್ ಹೊರಹಾಕಿದ, ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ದಾಖಲೆಗಳನ್ನು ಜಾಲಾಡುತ್ತಿದ್ದಾಗ ಸ್ವಿಚ್ ತಯಾರಿಸುವ ಕಂಪನಿ ಸಿಸ್ಕೋಗೆ ತನ್ನದೇ ಸ್ವಿಚ್‌ಗಳ ಒಂದು ದೋಷ ಸಿಕ್ಕಿತು. ದೂರದಿಂದಲೇ ಸ್ವಿಚ್‌ಗೆ ಲಾಗಿನ್ ಆಗುವ ಹಳೆಯ ವಿಧಾನವಾದ ಟೆಲ್ನೆಟ್‌ನ ಸಂಪರ್ಕ ಶುರುವಾಗುವಾಗ ವಿಶೇಷವಾಗಿ ಹೆಣೆದ ಸಂದೇಶ ಕಳಿಸಿದರೆ ಸಾಕು, ಪಾಸ್‌ವರ್ಡಿನ ಹಂಗಿಲ್ಲದೆ ಸ್ವಿಚ್ ಪೂರ್ತಿ ಕೈವಶವಾಗುತ್ತಿತ್ತು. 300ಕ್ಕೂ ಹೆಚ್ಚು ಮಾದರಿಗಳು ಅದಕ್ಕೆ ತುತ್ತಾಗಬಹುದಿತ್ತು. ದೋಷ ಸರಿಪಡಿಸುವ ಪ್ಯಾಚ್ ಬರುವ ತನಕ ಕಂಪನಿ ಕೊಟ್ಟ ಸಲಹೆ ಇಷ್ಟೇ: ಟೆಲ್ನೆಟ್ ನಿಲ್ಲಿಸಿ, ಆಗದಿದ್ದರೆ ಯಾವ ವಿಳಾಸಗಳಿಂದ ಬರಬಹುದು ಎಂಬುದಕ್ಕೆ ಕಡಿವಾಣ ಹಾಕಿ. ಅದನ್ನು ಮೊದಲೇ ಮಾಡಿಕೊಂಡಿದ್ದವರಿಗೆ ಆ ವಾರಗಳಲ್ಲಿ ನಿದ್ದೆಗೆಡುವ ಕಾರಣವಿರಲಿಲ್ಲ.

ಟೆಲ್ನೆಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಾಸ್‌ವರ್ಡನ್ನು ಬರಿ ಅಕ್ಷರಗಳಲ್ಲೇ ತಂತಿಯ ಮೇಲೆ ಹರಿಬಿಡುವ ವಿಧಾನ ಇನ್ನು ಬೇಕಿಲ್ಲ. ಸಿಸ್ಕೋ ಸ್ವಿಚ್‌ನಲ್ಲಿ ‘ಟ್ರಾನ್ಸ್‌ಪೋರ್ಟ್ ಇನ್‌ಪುಟ್ ಎಸ್‌ಎಸ್‌ಎಚ್’ ಎಂಬ ಒಂದು ಸಾಲು ಅದನ್ನು ಮುಚ್ಚಿ, ಗೂಢಲಿಪಿಯಲ್ಲಿ ಸಾಗುವ ಎಸ್‌ಎಸ್‌ಎಚ್ ಒಂದನ್ನೇ ಉಳಿಸುತ್ತದೆ.

ತಪ್ಪುಗಳಾಗುವುದು ಯಾವ ವಿಳಾಸಗಳಿಂದ ಲಾಗಿನ್ ಆಗಬಹುದು ಎಂದು ಸ್ವಿಚ್‌ಗೆ ಹೇಳುವ ಪಟ್ಟಿಯಲ್ಲಿ, ಅಂದರೆ ಆಕ್ಸೆಸ್ ಲಿಸ್ಟ್‌ನಲ್ಲಿ. ಅಡ್ಮಿನ್‌ಗಳ ಕಂಪ್ಯೂಟರ್‌ಗಳು 192.168.50 ಸಾಲಿನಲ್ಲಿವೆ ಎಂದುಕೊಳ್ಳಿ. ಆಕ್ಸೆಸ್ ಲಿಸ್ಟ್‌ನಲ್ಲಿ ಬರೆಯಬೇಕಾದದ್ದು 192.168.50.0, ಅದರ ಮುಂದೆ 0.0.0.255. ಇಲ್ಲಿ ಸೊನ್ನೆ ಎಂದರೆ ‘ಹೊಂದಲೇಬೇಕು’, 255 ಎಂದರೆ ‘ಏನಿದ್ದರೂ ಸರಿ’. ನೆಟ್‌ವರ್ಕಿನ ವ್ಯಾಪ್ತಿ ಸೂಚಿಸುವ ಸಬ್‌ನೆಟ್ ಮಾಸ್ಕ್ ಬರೆದು ರೂಢಿಯಾದ ಕೈ 255.255.255.0 ಎಂದು ಬರೆದುಬಿಡುತ್ತದೆ. ಆಗ ಅರ್ಥ ತಿರುಗುಮುರುಗು: ಕೊನೆಯ ಚುಕ್ಕೆಯ ನಂತರ ಬರೀ ಸೊನ್ನೆಯಿರುವ ವಿಳಾಸಗಳಿಗೆ ಮಾತ್ರ ಪ್ರವೇಶ. ಪಟ್ಟಿಯಲ್ಲಿಲ್ಲದವರಿಗೆಲ್ಲ ತಾನಾಗಿಯೇ ನಿರಾಕರಣೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಪಟ್ಟಿಯನ್ನು ‘ಆಕ್ಸೆಸ್-ಕ್ಲಾಸ್’ ಮೂಲಕ ವಿಟಿವೈ ಲೈನ್‌ಗಳಿಗೆ, ಅಂದರೆ ದೂರದ ಲಾಗಿನ್‌ಗಳು ಬರುವ ಬಾಗಿಲುಗಳಿಗೆ, ಜೋಡಿಸಿದೆ. ನನ್ನ ಸೆಷನ್ ಅಲುಗಲಿಲ್ಲ. ಎಲ್ಲ ಸರಿಯಿದೆ ಎಂದು ಸೇವ್ ಮಾಡಿ ಕಿಟಕಿ ಮುಚ್ಚಿದೆ. ಮತ್ತೆ ಒಳಹೋಗಲು ಆಗಲಿಲ್ಲ. ಈ ತಪಾಸಣೆ ನಡೆಯುವುದು ಹೊಸ ಸಂಪರ್ಕ ಬರುವಾಗ ಮಾತ್ರ, ತೆರೆದಿರುವ ಸೆಷನ್ನನ್ನು ಅದು ಮುಟ್ಟುವುದಿಲ್ಲ. ಸ್ವಿಚ್‌ಗೆ ನೇರವಾಗಿ ಸಿಕ್ಕಿಸುವ ಕನ್ಸೋಲ್ ಕೇಬಲ್ ಹಿಡಿದು ರ್‍ಯಾಕ್ ಮುಂದೆ ಮೊಣಕಾಲೂರಿ ಕುಳಿತ ಆ ರಾತ್ರಿಯಿಂದ ಹಳೆಯ ಕಿಟಕಿ ತೆರೆದಿಟ್ಟು, ಎರಡನೆಯದರಿಂದ ಲಾಗಿನ್ ಆಗಿ ನೋಡದೆ ಸೇವ್ ಮಾಡಿದ್ದಿಲ್ಲ. ಸ್ವಿಚ್ ದೂರದ ಕಟ್ಟಡದಲ್ಲಿದ್ದರೆ ಮೊದಲು ‘ರೀಲೋಡ್ ಇನ್ 10’ ಕೊಡುತ್ತೇನೆ. ಹತ್ತು ನಿಮಿಷದೊಳಗೆ ನಾನು ರದ್ದು ಮಾಡದಿದ್ದರೆ ಸ್ವಿಚ್ ಮರುಚಾಲನೆಯಾಗಿ, ಸೇವ್ ಆಗಿದ್ದ ಹಳೆಯ ಕಾನ್ಫಿಗ್‌ಗೆ ಮರಳುತ್ತದೆ. ಆದರೆ ಆ ಹೊತ್ತಿಗೆ ಅದಕ್ಕೆ ಜೋಡಿಸಿದವರೆಲ್ಲರ ಸಂಪರ್ಕವೂ ಕಡಿಯುತ್ತದೆ, ಹಾಗಾಗಿ ಕೆಲಸದ ಅವಧಿಯಲ್ಲಿ ಬೇಡ.

ಇಷ್ಟಾದ ಮೇಲೂ ಹಿತ್ತಲ ಬಾಗಿಲುಗಳು ಉಳಿದಿರುತ್ತವೆ. ವಿಟಿವೈ 0ರಿಂದ 4ರವರೆಗೆ ಕಾವಲಿಟ್ಟು 5ರಿಂದ 15ನ್ನು ಮರೆಯುವುದು ತೀರಾ ಸಾಮಾನ್ಯ. ಹಳೆಯ ಬಗೆಯ ವಿಳಾಸಗಳ (ಐಪಿವಿ4) ಪಟ್ಟಿ ಹೊಸ ಬಗೆಯ (ಐಪಿವಿ6) ಸಂಪರ್ಕವನ್ನು ತಡೆಯುವುದಿಲ್ಲ, ಅದಕ್ಕೆ ಬೇರೆಯದೇ ಪಟ್ಟಿ ಬೇಕು. ಸ್ವಿಚ್‌ನ ವೆಬ್ ಪುಟವೂ ವಿಟಿವೈ ಪಟ್ಟಿಗೆ ಒಳಪಡುವುದಿಲ್ಲ. ಬಳಸದಿದ್ದರೆ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎರಡನ್ನೂ ಆರಿಸಿ. ಸ್ವಿಚ್‌ನ ಸ್ಥಿತಿಗತಿ ದೂರದಿಂದ ಓದಲು, ಬದಲಿಸಲು ಬಳಸುವ ಎಸ್‌ಎನ್‌ಎಂಪಿಯಲ್ಲಿ ಪಾಸ್‌ವರ್ಡಿನಂತೆ ಕೆಲಸ ಮಾಡುವ ‘ಪಬ್ಲಿಕ್’, ‘ಪ್ರೈವೇಟ್’ ಎಂಬ ಹೆಸರುಗಳು ಇನ್ನೂ ಇದ್ದರೆ ಇವತ್ತೇ ತೆಗೆಯಿರಿ. ಬರೆಯುವ ಅನುಮತಿಯಿರುವ ಹೆಸರು ಗೊತ್ತಾದವನಿಗೆ ಲಾಗಿನ್ನೇ ಬೇಡ.

ಪಟ್ಟಿಯ ಕೊನೆಗೆ ‘ಡಿನೈ ಎನಿ ಲಾಗ್’ ಸೇರಿಸುವುದನ್ನು ಬಿಡಬೇಡಿ. ನಿರಾಕರಣೆ ಹೇಗೂ ಆಗುತ್ತದೆ, ಆದರೆ ಯಾರು ಬಾಗಿಲು ತಟ್ಟಿದರೆಂಬುದು ಈ ಸಾಲಿನಿಂದ ತಿಳಿಯುತ್ತದೆ. ಒಂದು ಕಡೆ ಇದನ್ನು ಸೇರಿಸಿದ ಮೊದಲ ರಾತ್ರಿಯೇ ಒಂದೇ ಒಳವಿಳಾಸ ಬೆಳಗಿನ ಜಾವದವರೆಗೂ ಮತ್ತೆ ಮತ್ತೆ ಬಂದು ಹೋದದ್ದು ದಾಖಲಾಗಿತ್ತು. ಹುಡುಕಿಕೊಂಡು ಹೋದರೆ ಸಿಸಿಟಿವಿ ರೆಕಾರ್ಡರ್. ಅದರ ಫ್ಯಾಕ್ಟರಿ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ.