ಹಳೇ ಕಾರಿನ ಬ್ರೇಕ್: ಕಿಟ್ ಸಾಕಾ, ಸಿಲಿಂಡರೇ ಬದಲಿಸಬೇಕಾ?

ಮಳೆಗಾಲ ಮುಗಿದ ಮೇಲೆ ಶಿವಮೊಗ್ಗದ ನಮ್ಮ ಗ್ಯಾರೇಜಿಗೆ ಬರುವ ಹಳೇ ಅಂಬಾಸಿಡರ್, ಪದ್ಮಿನಿಗಳದ್ದು ಹೆಚ್ಚುಕಮ್ಮಿ ಒಂದೇ ದೂರು. ಪೆಡಲ್ ತೀರಾ ಕೆಳಗೆ ಹೋಗುತ್ತೆ, ಚಕ್ರದ ಒಳಬದಿಯಲ್ಲಿ ಆಯಿಲ್ ಜಿನುಗಿದೆ. "ಕಿಟ್ ಹಾಕಿದ್ರೆ ಸಾಕಲ್ವಾ?" ಅಂತ ಕೇಳುತ್ತಾರೆ. ಕಿಟ್ ಅಂದರೆ ಬ್ರೇಕ್ ಸಿಲಿಂಡರ್ ಒಳಗಿನ ರಬ್ಬರ್ ಭಾಗಗಳ ಸೆಟ್, ಸಿಲಿಂಡರ್ ಅಂದರೆ ಆಯಿಲ್ ತುಂಬಿ ಪಿಸ್ಟನ್ ಆಡುವ ಕೊಳವೆ. ಬಿಚ್ಚಿ ನೋಡದೆ ಯಾರೂ ಅದಕ್ಕೆ ಉತ್ತರ ಹೇಳಬಾರದು.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ನಾಲ್ಕು ತಿಂಗಳು ಶೆಡ್ಡಿನಲ್ಲಿ ನಿಂತ ಮಲೆನಾಡಿನ ಕಾರಿನಲ್ಲಿ ಆ ನೀರೇ ಸಿಲಿಂಡರ್ ಒಳಗೆ ತುಕ್ಕು ಹಿಡಿಸುತ್ತದೆ. ಇನ್ನೊಂದು ಅಪಾಯವೂ ಇದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ 205 ಡಿಗ್ರಿವರೆಗೂ ಕುದಿಯುವುದಿಲ್ಲ, ನೀರು ಸೇರಿದ್ದು 140ರ ಹೊತ್ತಿಗೇ ಕುದಿಯಬಹುದು. ಕುದಿದರೆ ಆವಿಯಾಗಿ ಬ್ರೇಕ್ ಹಿಡಿಯುವುದಿಲ್ಲ. ಆಗುಂಬೆ ಘಾಟಿಯ ತಿರುವುಗಳಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಯುವವರು ಇದನ್ನು ನೆನಪಿಡಲೇಬೇಕು.

ಪಿಸ್ಟನ್ ತೆಗೆದು, ಸ್ಪಿರಿಟ್‌ನಲ್ಲಿ ತೊಳೆದು, ಬೋರ್ ಅಂದರೆ ಸಿಲಿಂಡರಿನ ರಂಧ್ರದ ಒಳಗೆ ಟಾರ್ಚ್ ಬಿಡಿ. ಸೀಮೆಎಣ್ಣೆ ಬೇಡ, ಅದರ ಪಸೆ ಉಳಿದರೆ ರಬ್ಬರ್ ಊದಿಕೊಳ್ಳುತ್ತದೆ. ಈಗ ಉಗುರು ಆಡಿಸಿ. ಬರೀ ಕಲೆಯಾದರೆ ಒಳಗೋಡೆ ನಯ ಮಾಡುವ ಹೋನ್ ಕಲ್ಲನ್ನು ಹಗುರವಾಗಿ ಆಡಿಸಿ ಕಿಟ್ ಹಾಕಬಹುದು. ಗುಂಡಿಗೆ ಉಗುರು ಸಿಕ್ಕಿಕೊಂಡರೆ ಕಿಟ್ ದುಡ್ಡು ದಂಡ. ಗುಂಡಿ ಹೋಗುವವರೆಗೂ ಉಜ್ಜಿದರೆ ಬೋರ್ ಅಗಲವಾಗುತ್ತದೆ, ರಬ್ಬರ್ ಹಿಡಿಯುವುದಿಲ್ಲ.

ಬಹಳ ಜನ ಗಮನಿಸದ ಸಂಗತಿ ಒಂದಿದೆ. ಬ್ರೇಕ್ ಡ್ರಮ್ಮಿಗೆ ಒತ್ತುವ ಲೈನರ್ ಸವೆದಂತೆ, ಅದನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್‌ಗಳು ಹೊರಕ್ಕೆ ಸರಿದಿರುತ್ತವೆ. ಹೊಸ ಲೈನರ್ ಹಾಕಿದ ಕೂಡಲೇ ಒಳಕ್ಕೆ ಬರುತ್ತವೆ. ಅಲ್ಲಿ ವರ್ಷಗಟ್ಟಲೆ ರಬ್ಬರ್ ಆಡದೆ ತುಕ್ಕು ಕೂತಿರುತ್ತದೆ. ಸೋರದೇ ಇದ್ದ ಸಿಲಿಂಡರ್ ಲೈನರ್ ಬದಲಿಸಿದ ವಾರಕ್ಕೇ ಸೋರುವುದು ಹೀಗೆ. ಪೆಡಲ್ ಒತ್ತಿದಾಗ ಚಕ್ರಗಳಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಕಥೆಯೂ ಅದೇ. ಆಯಿಲ್ ಲೈನಿನಿಂದ ಏರ್ ತೆಗೆಯುವಾಗ ಪೆಡಲನ್ನು ನೆಲಕ್ಕೆ ಮುಟ್ಟಿಸಿದರೆ ರಬ್ಬರ್ ತುಕ್ಕಿನ ಜಾಗಕ್ಕೆ ಹೋಗಿ ಹರಿಯಬಹುದು. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟುಕೊಳ್ಳಿ.

ಗುಂಡಿ ಬಿದ್ದ ವೀಲ್ ಸಿಲಿಂಡರ್ ಮಾರುಕಟ್ಟೆಯಲ್ಲಿ ಸಿಗುವಂಥದ್ದಾದರೆ ಹೊಸದೇ ಹಾಕಿ, ಎಡ ಬಲ ಎರಡೂ ಕಡೆ. ಬೋರ್ ಅಳತೆ ಹಳೆಯದಕ್ಕೆ ಸರಿಹೊಂದುತ್ತಾ ನೋಡಿಯೇ ತನ್ನಿ. ಎಡಕ್ಕೂ ಬಲಕ್ಕೂ ವ್ಯತ್ಯಾಸವಿದ್ದರೆ ಬ್ರೇಕ್ ಹಿಡಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ. ಭಾಗವೇ ಸಿಗದ ಕಾರಾದರೆ ಹಳೇ ಸಿಲಿಂಡರನ್ನು ಎಸೆಯಬೇಡಿ. ಒಳ್ಳೆಯ ಲೇತ್‌ನವರು ಬೋರ್ ಕೊರೆದು, ಒಳಗೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯ ತೆಳು ಕೊಳವೆ, ಅಂದರೆ ಸ್ಲೀವ್ ಕೂರಿಸಿ, ಮೊದಲಿನ ಅಳತೆಗೇ ತರುತ್ತಾರೆ. ಸ್ಲೀವ್ ತುಕ್ಕು ಹಿಡಿಯುವ ಭಯ ಕಡಿಮೆ. ನಮ್ಮ ಮಳೆಗೆ ಇದೇ ವಾಸಿ ಅನ್ನುತ್ತೇನೆ.

ಚಕ್ರಕ್ಕೆ ಆಯಿಲ್ ಒಯ್ಯುವ ರಬ್ಬರ್ ಹೋಸ್ ವಿಷಯದಲ್ಲಿ ಯೋಚನೆಯೇ ಬೇಡ, ಹೊಸದು ಹಾಕಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿರುತ್ತದೆ. ಆಯಿಲ್ ಹೋಗುತ್ತೆ, ವಾಪಸ್ ಬರಲ್ಲ, ಚಕ್ರ ಹಿಡಿದುಕೊಳ್ಳುತ್ತದೆ.

ಹಳೇ ಕಾರುಗಳಲ್ಲಿ ನಾಲ್ಕೂ ಚಕ್ರಕ್ಕೆ ಸಾಮಾನ್ಯವಾಗಿ ಒಂದೇ ಲೈನ್. ಒಂದು ಕಡೆ ಒಡೆದರೆ ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಅದಕ್ಕೇ ಮಾಸ್ಟರ್ ಸಿಲಿಂಡರ್ ಬಗ್ಗೆ ಸ್ವಲ್ಪ ಅನುಮಾನವಿದ್ದರೂ ನಾನು ಕಿಟ್ ಹಾಕಿ ಕಳಿಸುವುದಿಲ್ಲ.

ಕೆಲಸ ಮುಗಿದ ಮೇಲೆ ಪೆಡಲನ್ನು ಗಟ್ಟಿಯಾಗಿ ಒತ್ತಿ ಒಂದು ನಿಮಿಷ ಹಿಡಿಯಿರಿ. ನಿಧಾನಕ್ಕೆ ಇಳಿದರೆ ಮತ್ತೆ ಬಿಚ್ಚಿ. ನಿಂತರೆ ನಾಲ್ಕು ದಿನ ಸಮತಟ್ಟಾದ ರಸ್ತೆಯಲ್ಲಿ ಓಡಿಸಿ, ಡಬ್ಬಿಯಲ್ಲಿ ಆಯಿಲ್ ಇಳಿದಿದೆಯಾ ನೋಡಿ, ಆಮೇಲೆ ಘಾಟಿಗೆ ಹೊರಡಿ.